ಒಡೆಯದ ನಿಂಬೆಹಣ್ಣು

ಧಾರವಾಡದ ನರಹರಿ ದೇಸಾಯಿಯವರು ಕೋಲ್ಕತ್ತದ ಕೃಷಿ ಸಂಶೋಧನಾ ಕೇಂದ್ರವೊಂದರಲ್ಲಿ ಉಪಕರಣಗಳ ಶೆಡ್ಡು ನೋಡಿಕೊಳ್ಳುತ್ತಿದ್ದರು. ಮಣ್ಣು ಉಳುವ ರೋಟವೇಟರ್ ಯಂತ್ರವನ್ನು ನಾಲ್ಕು ಜನ ಶೆಡ್ಡಿನ ನೆಲ ಕಿತ್ತುಹೋಗುವಂತೆ ಎಳೆಯುವುದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹೆಂಡತಿ ಇಂದುಮತಿ ತೀರಿಕೊಂಡ ಮೇಲೆ ಆ ಉರಿಯೂ ನಿಂತಿತು. ಆದರೂ ಕೈ ಸುಮ್ಮನಿರಲಿಲ್ಲ. ದಪ್ಪ ಹಲಗೆ ಕೊಯ್ಯಿಸಿ, ಕೆಳಗೆ ಪುಟ್ಟ ಗಾಲಿ ಬಿಗಿದು, ಒಂದು ತಗ್ಗು ಗಾಡಿ ಮಾಡಿದರು. ಶೆಡ್ಡಿನ ಮೆಕ್ಯಾನಿಕ್ ತಾರಕ್ ಮಿಸ್ತ್ರಿ ಜ್ಯಾಕ್ ಹಾಕಿ ಯಂತ್ರವನ್ನು ಅದರ ಮೇಲೆ ಕೂರಿಸಿದ.

“ನಿಂಬಿಹಣ್ಣು ಇಡದ ಹೊಸಾ ಗಾಡಿ ಮುಂದ ತಗೀಬ್ಯಾಡ್ರಿ,” ಎಂದು ಇಂದುಮತಿ ಮೊಮ್ಮಗಳಿಗೆ ಸೈಕಲ್ ತಂದಾಗಲೂ ಹೇಳಿದ್ದಳು. ನರಹರಿ ಬೆಹಾಲಾ ಬಡಾವಣೆಯ ತಮ್ಮ ಮನೆಯ ಫ್ರಿಜ್ಜಿನಿಂದ ತಂದಿದ್ದ ನಿಂಬೆಹಣ್ಣುಗಳನ್ನು ಗಾಲಿಗಳ ಮುಂದೆ ಒಂದೊಂದರಂತೆ ಇಟ್ಟು ದೂಡಲು ಹೇಳಿದರು. ಗಾಡಿ ಅಲುಗಲಿಲ್ಲ. ಹಣ್ಣೂ ಒಡೆಯಲಿಲ್ಲ.

ತಾರಕ್ ಬಗ್ಗಿ ಒಂದನ್ನು ಹಿಸುಕಿ ನೋಡಿದ. “ಒಣಗಿ ಕಲ್ಲಾಗಿವೆ ದಾದಾ. ಯಾವಾಗ ತಂದದ್ದು?” ಎಂದು ಹಿಂದಿಯಲ್ಲಿ ಕೇಳಿದ.

“ಅವಳು ತಂದಿದ್ದಳು. ಆಸ್ಪತ್ರೆಗೆ ಹೋಗುವ ಮುಂಚೆ.”

ತಾಜಾ ಹಣ್ಣು ತರಲು ತಾರಕ್ ಬಜಾರಿಗೆ ಹೊರಟ. ನರಹರಿ ಬೇಡವೆಂದರು. ಹಣ್ಣುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಅಷ್ಟು ಭಾರದ ಯಂತ್ರ ಒಂದೇ ಕೈಯಿಂದ ದೂಡಿದರೂ ಸಲೀಸಾಗಿ ಗೋಡೆಯವರೆಗೆ ಉರುಳಿತು. ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ನರಹರಿಗೆ ಏನೂ ಅನಿಸಲಿಲ್ಲ.

ಸಂಜೆ ಮನೆಗೆ ಬಂದು ನಿಂಬೆಹಣ್ಣುಗಳನ್ನು ತೊಳೆದು, ಒರೆಸಿ, ಮತ್ತೆ ಫ್ರಿಜ್ಜಿನಲ್ಲಿಟ್ಟರು.