ಮೂರು ಸಲ ತೆರೆದ ಬಾಗಿಲು

ಬೆಂಗೇರಿಯ ಯಾಕೂಬಸಾಬರ ಬಲಗೈ ಮೇಲೆ ಒಂದೇ ಒಂದು ಕೂದಲಿಲ್ಲ. ಮೊಣಕೈಯಿಂದ ಕೆಳಗೆ ಅದು ಎಳೆ ಕೂಸಿನ ಕೈಯ ಹಾಗೆ ನುಣ್ಣಗಿದೆ. ಎಡಗೈ ಮಾತ್ರ ಎಲ್ಲ ಗಂಡಸರ ಕೈಯಂತೆಯೇ ಇದೆ. ಮೂವತ್ತೆಂಟು ವರ್ಷ, ದಿನಕ್ಕೆ ಹತ್ತಾರು ಸಲ, ಆ ಬಲಗೈಯನ್ನು ಭಟ್ಟಿಯ ಬಾಯಿಗೆ ಒಡ್ಡಿದ್ದಕ್ಕೆ ಸಿಕ್ಕ ಬಹುಮಾನ ಅದು. ಹೊಸಬರು ಯಾರಾದರೂ ಕಣ್ಣಿಟ್ಟು ನೋಡಿದರೆ ಸಾಬರು ಅಂಗಿಯ ತೋಳು ಇನ್ನಷ್ಟು ಮೇಲೇರಿಸಿ ತೋರಿಸುತ್ತಾರೆ. ನಾಚಿಕೆ ಎಂಬುದು ಈ ಒಂದು ವಿಷಯದಲ್ಲಿ ಅವರಿಗೆ ಇಲ್ಲ.

ಅವರು ಬೇಕರಿಯ ಭಟ್ಟಿ ಮಿಸ್ತ್ರಿ. ಭಟ್ಟಿ ಎಂದರೆ ಇಟ್ಟಿಗೆಯ ದೊಡ್ಡ ಗೂಡು. ಒಳಗೆ ಕಟ್ಟಿಗೆ ಉರಿಸಿ, ಕೆಂಡ ಹೊರಗೆಳೆದು, ಒದ್ದೆ ಗೋಣಿಚೀಲದಿಂದ ಹಾಸು ಒರೆಸಿ, ಆಮೇಲೆ ಇಟ್ಟಿಗೆಯಲ್ಲಿ ಉಳಿದ ಕಾವಿನಲ್ಲೇ ಬೇಯಿಸುವುದು. ಅದಕ್ಕೆ ಮೀಟರಿಲ್ಲ, ಮುಳ್ಳಿಲ್ಲ. ಮಿಸ್ತ್ರಿ ಕೈ ಒಳಗಿಟ್ಟು ಮನಸ್ಸಿನಲ್ಲೇ ಎಣಿಸಬೇಕು. ಎಂಟಕ್ಕೆ ಕೈ ತಡೆಯದಾದರೆ ಪಾವ್ ಹಾಕಬಹುದು. ಹದಿನೈದಕ್ಕೆ ಬಂದರೆ ಪದರು ಪದರಿನ ಖಾರಿ ಬಿಸ್ಕೀಟು. ಇಪ್ಪತ್ತೈದರವರೆಗೂ ಕೈ ನಿಂತಿತೆಂದರೆ ನಾನಖಟಾಯಿಯ ಹೊತ್ತು. ರಮಜಾನಿನ ಕೊನೆಯ ವಾರ ಓಣಿಯ ಹೆಣ್ಣುಮಕ್ಕಳು ಮನೆಯಲ್ಲಿ ನಾದಿದ ಹಿಟ್ಟನ್ನು ತಟ್ಟೆಗಟ್ಟಲೆ ಹೊತ್ತು ತಂದು ಸಾಲಿನಲ್ಲಿ ನಿಲ್ಲುತ್ತಿದ್ದರು. ಯಾರ ತಟ್ಟೆ ಯಾವುದು ಎಂದು ಚೀಟಿ ಅಂಟಿಸುವ ಗೋಜಿಲ್ಲ, ಸಾಬರಿಗೆ ಬೆರಳಚ್ಚು ನೋಡಿಯೇ ಗೊತ್ತಾಗುತ್ತಿತ್ತು.

ಎರಡು ವರ್ಷದ ಹಿಂದೆ ಬೇಕರಿಯ ಮಾಲೀಕ ಭಟ್ಟಿ ಕೆಡವಿಸಿ ಆಳೆತ್ತರದ ಕರೆಂಟಿನ ಯಂತ್ರ ತಂದು ನಿಲ್ಲಿಸಿದ. ಇದರ ಮುಂದೂ ನೀವೇ ಇರಬೇಕು ಎಂದು ಸಾಬರಿಗೆ ಮರ್ಯಾದೆಯಿಂದಲೇ ಹೇಳಿದ. ‘ಗುಂಡಿ ಒತ್ತಾಕ ಮಿಸ್ತ್ರಿ ಯಾಕ ಬೇಕೋ?’ ಎಂದು ಸಾಬರು ಟವೆಲ್ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದುಬಿಟ್ಟರು. ಆ ದಿನ ಆ ಮಾತು ಭಾರಿ ಜೋರಾಗಿತ್ತು. ಒಂದು ತಿಂಗಳು ಕಳೆಯುವಷ್ಟರಲ್ಲಿ ಜೋರು ಇಳಿದು, ಹೊರಗಿನ ಕೋಣೆಯ ಮಂಚವೊಂದು ಉಳಿಯಿತು. ಬೆಳಗಿನ ನಾಲ್ಕಕ್ಕೆ ಎಚ್ಚರವಾಗುವುದು ಮಾತ್ರ ತಪ್ಪಲಿಲ್ಲ. ಎದ್ದು ಮಾಡುವುದೇನು? ಹೆಂಡತಿ ಮದೀನಾಬಿ ಮಗ್ಗಲು ಬದಲಿಸುತ್ತ, ‘ಮಲಕೋರಿ ಸುಮ್ಮ, ಯಾವ ಪಾವ್ ಕಾಯಾಕತ್ತೈತಿ ನಿಮ್ಮನ್ನ’ ಎನ್ನುತ್ತಿದ್ದಳು.

ತಮಾಷೆ ಎಂದರೆ, ಅವರು ಬಿಟ್ಟು ಬಂದ ಕೆಲಸ ಅವರ ಬೆನ್ನು ಹತ್ತಿ ಮನೆಗೇ ಬಂತು. ಮಗ ಇಸ್ತಿಯಾಕ ಗಬ್ಬೂರ ಬೈಪಾಸಿನ ಹತ್ತಿರ ಲಾರಿ ರಿಪೇರಿ ಮಾಡುತ್ತಾನೆ. ಅವನ ಹೆಂಡತಿ ಫಿರದೋಸ ಹೆಬ್ಬಳ್ಳಿಯ ಹುಡುಗಿ, ಮಾತು ಕಡಿಮೆ, ಕೆಲಸ ಹೆಚ್ಚು. ಹೊಲಿಗೆ ಮಾಡಿ ಕೂಡಿಸಿದ್ದರಲ್ಲಿ ಅವಳೊಂದು ಪುಟ್ಟ ಓವನ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಫೋನಿನಲ್ಲಿ ನೋಡಿ ನೋಡಿ ಕೇಕು, ಬಿಸ್ಕೀಟು ಎಂದು ಕಲಿತಳು. ಓಣಿಯವರ ಹುಟ್ಟುಹಬ್ಬಗಳಿಗೆ ಕೇಕು ಕೊಡುವಷ್ಟಾದಳು. ಸಾಬರು ಮಂಚದ ಮೇಲೆ ಕುಳಿತೇ ವಾಸನೆ ಹಿಡಿಯುತ್ತಿದ್ದರು. ಇನ್ನೆರಡು ನಿಮಿಷ ಬಿಡಬೇಕಿತ್ತು ಎಂದೋ, ತಳ ಹತ್ತಿತು ಎಂದೋ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರು. ಬಾಯಿ ಬಿಟ್ಟು ಹೇಳಲಿಲ್ಲ. ಕೇಳದೆ ಹೇಳುವ ಚಾಳಿ ಮಿಸ್ತ್ರಿಗಳಿಗೆ ಇರುವುದಿಲ್ಲ. ಫಿರದೋಸ ಕೇಳಲೂ ಇಲ್ಲ. ಅಷ್ಟು ದೊಡ್ಡ ಭಟ್ಟಿ ಆಳಿದವರನ್ನು ಈ ಡಬ್ಬಿಗೆ ಕರೆಯುವುದು ಹೇಗೆ ಎಂದು ಅವಳಿಗೆ ಸಂಕೋಚ. ತನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ ಎಂದು ಇವರಿಗೆ ಒಳಗೊಳಗೇ ನೋವು. ಒಂದೇ ಸೂರಿನ ಕೆಳಗೆ ಎರಡು ವರ್ಷ ಹೀಗೇ ಹೋಯಿತು.

ಈ ಸಲದ ಸಂಗತಿ ದೊಡ್ಡದಿತ್ತು. ಧಾರವಾಡದಲ್ಲಿ ಗಾರ್ಗಿ ಎಂಬಾಕೆ ಬೆಳಗಿನ ತಿಂಡಿಯ ಸಣ್ಣ ಅಂಗಡಿ ನಡೆಸುತ್ತಾಳೆ. ಭಾನುವಾರಕ್ಕೆಂದು ಆಕೆಗೆ ಓವನ್ನಿನಲ್ಲಿ ಬೇಯಿಸುವ ಪ್ಯಾನ್‌ಕೇಕ್ ಬೇಕಿತ್ತು. ಮೊಟ್ಟೆ, ಹಾಲು, ಮೈದಾ ಕಲಸಿದ ತೆಳು ಹಿಟ್ಟನ್ನು ಬೆಣ್ಣೆ ಕಾಯಿಸಿದ ಕಬ್ಬಿಣದ ಬಾಣಲೆಗೆ ಸುರಿದು ಒಳಗಿಟ್ಟರೆ ಅದು ಒಳಗೇ ಉಬ್ಬಿ, ಅಂಚೆಲ್ಲ ಎದ್ದು ನಿಲ್ಲುತ್ತದೆ. ಮೇಲೆ ಬಾಳೆಹಣ್ಣು, ಏಲಕ್ಕಿ ಹಾಕಿದ ಬೆಲ್ಲದ ಪಾಕ. ಫಿರದೋಸ ಹದಿನೈದು ದಿನ ಮಾಡಿ ಮಾಡಿ ಕೈ ಕೂಡಿಸಿಕೊಂಡಿದ್ದಳು. ಬುಧವಾರ ಹನ್ನೆರಡಕ್ಕೆ ಗಾರ್ಗಿ ಮನೆಗೇ ಬಂದು ರುಚಿ ನೋಡುವವಳಿದ್ದಳು. ಒಪ್ಪಿದರೆ ಪ್ರತಿ ಭಾನುವಾರ ಇಲ್ಲಿಂದಲೇ ಹೋಗಬೇಕು.

ಬುಧವಾರ ಹನ್ನೊಂದಕ್ಕೆ ಬಾಣಲೆ ಒಳಗೆ ಹೋಯಿತು. ಫಿರದೋಸ ಬಾಗಿಲು ಮುಚ್ಚಿ ಗಡಿಯಾರ ನೋಡಿಕೊಂಡಳು. ಅದೇ ಹೊತ್ತಿಗೆ ಅಂಗಳದಿಂದ ಮದೀನಾಬಿಯ ದನಿ ಬಂತು.

‘ನಳಾ ಬಂತು. ಲಗೂ ಬಾರವಾ, ಮೋಟಾರ್ ಹಚ್ಚು.’

ನಲ್ಲಿಗೆ ನೀರು ಬಂದು ಆರು ದಿನವಾಗಿತ್ತು. ಬಿಟ್ಟರೆ ಮತ್ತೆ ಯಾವಾಗಲೋ. ಫಿರದೋಸ ಒಂದು ಕ್ಷಣ ಓವನ್ ನೋಡಿದಳು, ಒಂದು ಕ್ಷಣ ಅಂಗಳ ನೋಡಿದಳು. ಆಮೇಲೆ ಹೊರಗಿನ ಕೋಣೆಗೆ ಬಂದು, ‘ಅಬ್ಬಾ, ಇಪ್ಪತ್ತ ನಿಮಿಷ ಅದರ ಕಡೆ ನೋಡ್ಕೋತೀರೇನ್ರಿ? ನಾ ನೀರ ತುಂಬಿ ಬರ್ತೇನಿ’ ಎಂದಳು.

ಸಾಬರು ಮಂಚದಿಂದ ಎದ್ದ ರೀತಿಗೆ ಅರವತ್ತೆಂಟು ವರ್ಷದವರು ಎಂದು ಯಾರೂ ಹೇಳುತ್ತಿರಲಿಲ್ಲ. ‘ಹೋಗು ಬೇಟಾ, ನಾ ಅದೇನಿ’ ಎಂದರು. ಅಂಗಿಯ ತೋಳು ಮಡಚಿದರು. ಎರಡು ವರ್ಷದ ಮೇಲೆ ಮೊದಲ ಬಾರಿ ಯಾರೋ ಅವರ ಕೈಗೆ ಕಾವು ಒಪ್ಪಿಸಿದ್ದರು. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಏನು ನೋಡಿಕೊಳ್ಳಬೇಕು ಎಂದು ಕೇಳುವುದೂ ನೆನಪಾಗಲಿಲ್ಲ. ಬಾಗಿಲು ತೆರೆಯಬಾರದು ಎಂದು ಹೇಳುವುದು ಅವಳಿಗೂ ಹೊಳೆಯಲಿಲ್ಲ. ಮೂವತ್ತೆಂಟು ವರ್ಷ ಬೇಯಿಸಿದವರಿಗೆ ಅದನ್ನೇನು ಹೇಳುವುದು?

ಅವರು ಬೇಯಿಸಿದ್ದು ಇಟ್ಟಿಗೆಯ ಭಟ್ಟಿಯಲ್ಲಿ. ಅದರ ಬಾಯಿ ದಿನವಿಡೀ ತೆರೆದಿದ್ದರೂ ಕಾವು ಕದಲುವುದಿಲ್ಲ. ಅಲ್ಲಿ ನೋಡಿಕೊಳ್ಳುವುದೆಂದರೆ ಕೈ ಇಡುವುದು, ತಟ್ಟೆ ತಿರುಗಿಸುವುದು, ತಳ ಎತ್ತಿ ನೋಡುವುದು. ಕೈ ಕಟ್ಟಿ ನಿಂತು ದೂರದಿಂದ ಇಣುಕುವವನನ್ನು ಅವರಿಗೆ ಕೆಲಸ ಕಲಿಸಿದ ಉಸ್ತಾದ ಹೊರಗಟ್ಟುತ್ತಿದ್ದ.

ಐದು ನಿಮಿಷಕ್ಕೆ ಸಾಬರು ಬಾಗಿಲು ತೆಗೆದು ಕೈ ಒಳಗಿಟ್ಟು ಎಣಿಸಿದರು. ಇಪ್ಪತ್ತಾದರೂ ಕೈ ಆರಾಮವಾಗಿತ್ತು. ಕಾವು ಸಾಲದು ಎನಿಸಿ ಅವರಿಗೆ ಕಳವಳವಾಯಿತು. ಬಾಗಿಲು ತೆಗೆದದ್ದರಿಂದಲೇ ಕಾವು ಮುಖಕ್ಕೆ ಹಾಯ್ದು ಹೊರಗೆ ಹೋಗುತ್ತಿದೆ ಎಂಬುದು ತಲೆಗೆ ಬರಲಿಲ್ಲ. ಮುಚ್ಚಿದರು. ಹತ್ತು ನಿಮಿಷಕ್ಕೆ ಬಾಗಿಲ ಗಾಜಿನಲ್ಲಿ ನೋಡುತ್ತಾರೆ, ಹಿಟ್ಟು ಬಾಣಲೆಯ ಅಂಚು ಮೀರಿ ಉಬ್ಬಿ ನಿಂತಿದೆ, ಬಂಗಾರದ ಬಣ್ಣ. ‘ಮಾಶಾಅಲ್ಲಾ’ ಎಂದರು. ಎಡಗಡೆ ಮಾತ್ರ ತುಸು ಕಪ್ಪಗಾಗುತ್ತಿತ್ತು. ಯಾವ ಮಿಸ್ತ್ರಿ ಅದನ್ನು ನೋಡಿ ಸುಮ್ಮನಿರುತ್ತಾನೆ? ಬಾಗಿಲು ತೆಗೆದು, ಬಟ್ಟೆ ಹಿಡಿದು, ಬಾಣಲೆಯನ್ನು ನಾಜೂಕಾಗಿ ಅರ್ಧ ಸುತ್ತು ತಿರುಗಿಸಿದರು. ಮುಚ್ಚಿ, ಮೂರು ನಿಮಿಷ ಬಿಟ್ಟು ಮತ್ತೆ ಬಾಗಿಲು ತೆಗೆದು, ತಳ ಬೆಂದಿತೋ ಇಲ್ಲವೋ ಎಂದು ಚಮಚದಿಂದ ಅಂಚು ಎತ್ತಿ ನೋಡಿದರು.

ಅದು ಅವರ ಕಣ್ಣೆದುರೇ ಕುಸಿಯಿತು. ಮೊದಲು ನಡು, ಆಮೇಲೆ ಬಲಗಡೆ, ಕೊನೆಗೆ ಸುತ್ತಲಿನ ಅಂಚು. ಬಾಗಿಲು ಮುಚ್ಚಿ, ಮತ್ತೆ ಏಳಬಹುದೆಂದು ಬಾಗಿ ನಿಂತರು. ಏಳಲಿಲ್ಲ.

ಫಿರದೋಸ ಒದ್ದೆ ಸಲ್ವಾರಿನಲ್ಲೇ ಓಡಿ ಬಂದು ಬಾಣಲೆ ಹೊರಗೆ ತೆಗೆದಳು. ತಳದಲ್ಲಿ ಚಪ್ಪಟೆಯಾಗಿ, ಹಸಿಹಸಿಯಾಗಿ ಕೂತಿತ್ತು. ಹೊರಗೆ ತೆಗೆದ ಮೇಲೆ ನಡು ಒಂದಿಷ್ಟು ಇಳಿಯುವುದು ಇದ್ದದ್ದೇ, ಆದರೆ ಅಂಚು ನಿಲ್ಲಬೇಕು. ಇಲ್ಲಿ ಅಂಚೇ ಇರಲಿಲ್ಲ.

‘ಮೋಟಾರ್ ಹಚ್ಚಿದೆ ನೋಡ್ರಿ, ನಂದ ತಪ್ಪು. ಓಲ್ಟೇಜ್ ಬಿದ್ದೈತಿ’ ಎಂದಳು.

ಸಾಬರು ಬಾಯಿ ತೆರೆದರು. ಒಳಗೆ ಒಂದು ಮಾತು ಸಿದ್ಧವಿತ್ತು, ಹೊರಗೆ ಬಂದದ್ದು ಇನ್ನೊಂದು. ‘ಇರಬೇಕು. ಓಲ್ಟೇಜ್ ಇರಬೇಕು.’

ಹೇಳಿ ಮಂಚಕ್ಕೆ ಬಂದು ಕುಳಿತರು. ಸುಳ್ಳು ಹೇಳಿ ರೂಢಿಯಿಲ್ಲದವರು ಒಂದು ಸುಳ್ಳು ಹೇಳಿದರೆ ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂರುತ್ತದೆ. ನಿಜ ಹೇಳಿದರೆ ಆಗುವುದೇನು ಎಂದು ಲೆಕ್ಕ ಹಾಕಿದರು. ಸೊಸೆ ಬೈಯುವವಳಲ್ಲ. ‘ಇರಲಿ ಬಿಡ್ರಿ ಅಬ್ಬಾ’ ಎನ್ನುತ್ತಾಳೆ. ಆಮೇಲೆ ಎಂದೂ ಕರೆಯುವುದಿಲ್ಲ. ಮುದುಕರ ಕೈಗೆ ಕೊಟ್ಟು ಕೆಟ್ಟೆ ಎಂದು ಮನಸ್ಸಿನಲ್ಲಿಟ್ಟುಕೊಂಡು, ಮೊದಲಿನಂತೆ ಚಹಾ ತಂದು ಕೊಡುತ್ತಾಳೆ, ಅಷ್ಟೇ. ಬೈಗುಳ ಬೇಕಾದರೆ ತಡೆದುಕೊಂಡಾರು, ಆ ಚಹಾದ ಲೋಟ ಹಿಡಿಯುವುದು ಅವರಿಂದ ಆಗುವಂಥದ್ದಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿಲ್ಲ. ಫಿರದೋಸ ಇನ್ನೊಂದು ಹಚ್ಚುತ್ತಾಳೆ ಎಂದು ಸಾಬರು ಕಾದರು. ಮೊಟ್ಟೆ ನಾಲ್ಕು ಉಳಿದಿದ್ದವು, ಹಾಲೂ ಇತ್ತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕೊನೆಗೆ ಅವಳು ಫೋನ್ ಹಿಡಿದು ಬಾಗಿಲಿಗೆ ಬಂದಳು. ಅಂಗಳದಲ್ಲಿ ಅತ್ತೆಗೆ ಹೇಳಿದ್ದು ಸಾಬರಿಗೂ ಕೇಳಿತು.

‘ಗಾರ್ಗಿ ಮೇಡಮ್‌ಗೆ ಬ್ಯಾಡ ಅಂತ ಹೇಳಿಬಿಡ್ತೇನ್ರಿ. ಇವತ್ತ ಒಂದ ಹೋತು. ನಾಳೆ ಆರ್ಡರ್ ಒಪ್ಪಿಕೊಂಡ ಮ್ಯಾಲೆ ಭಾನುವಾರ ನೀರ ಬಂದ್ರ ಏನ ಮಾಡೂದು? ಈ ಮನ್ಯಾಗ ಇದು ಆಗೂದಲ್ಲ.’

ಮದೀನಾಬಿ ಕೊಡ ಇಳಿಸಿದಳು. ಫಿರದೋಸ ನಂಬರ್ ಒತ್ತಿದಳು.

ಬೇಕರಿಯಲ್ಲಿ ಒಂದು ರೂಢಿ ಇತ್ತು. ಘಾಣಿ ಕೆಟ್ಟರೆ, ಅಂದರೆ ಒಂದು ಸುತ್ತಿನ ಮಾಲು ಕೆಟ್ಟರೆ, ಕೆಡಿಸಿದವನು ಮಾಲೀಕ ಬರುವ ಮೊದಲೇ ಎದ್ದು ನಿಂತು ತನ್ನ ಹೆಸರು ಹೇಳಬೇಕು. ಹೇಳಿ, ಕೆಟ್ಟದ್ದರಲ್ಲಿ ಒಂದನ್ನು ಎಲ್ಲರ ಎದುರು ತಿನ್ನಬೇಕು. ಹೇಳದಿದ್ದರೆ ಮರುದಿನ ಎಲ್ಲರೂ ಹಿಟ್ಟನ್ನೇ ಅನುಮಾನಿಸುತ್ತಾರೆ, ಕಟ್ಟಿಗೆಯನ್ನೇ ಅನುಮಾನಿಸುತ್ತಾರೆ, ಚೆನ್ನಾಗಿರುವುದನ್ನೆಲ್ಲ ಬದಲಿಸುತ್ತ ಹೋಗುತ್ತಾರೆ. ಸಾಬರೇ ಎಷ್ಟು ಹುಡುಗರಿಗೆ ಇದನ್ನು ಕಲಿಸಿದ್ದರೋ. ಈಗ ಸೊಸೆ ಚೆನ್ನಾಗಿರುವ ಓವನ್ನನ್ನೂ, ಚೆನ್ನಾಗಿರುವ ತನ್ನ ಕೈಯನ್ನೂ ಅನುಮಾನಿಸುತ್ತ ನಿಂತಿದ್ದಳು.

ಅವರು ಎದ್ದು ಅಡುಗೆಮನೆಗೆ ಹೋದರು. ಬಾಣಲೆಯಲ್ಲಿದ್ದ ಹಸಿ ಚಪ್ಪಟೆಯನ್ನು ಒಂದು ತುಂಡು ಹರಿದು ಕೈಯಲ್ಲಿ ಹಿಡಿದುಕೊಂಡು ಅಂಗಳದ ಬಾಗಿಲಿಗೆ ಬಂದರು.

‘ಫಿರದೋಸ, ಫೋನ್ ಇಡು. ಓಲ್ಟೇಜ್ ಅಲ್ಲ. ನಾ ಬಾಗಲಾ ತೆಗದೆ. ಮೂರ ಸಲ ತೆಗದೆ.’

ಹೇಳಿ ತುಂಡನ್ನು ಬಾಯಿಗೆ ಹಾಕಿಕೊಂಡು ಅಗಿದರು. ರಬ್ಬರಿನಂತಿತ್ತು. ಪೂರ್ತಿ ನುಂಗಿದರು.

ಫಿರದೋಸ ಫೋನ್ ಕಿವಿಯಿಂದ ಇಳಿಸಿದಳು. ಆ ಕಡೆ ಇನ್ನೂ ರಿಂಗಾಗುತ್ತಿತ್ತು. ‘ಆಗ ಯಾಕ ಹೇಳಲಿಲ್ಲ್ರಿ?’

‘ನೀ ಮತ್ತ ನನ್ನ ಕರಿಯೂದಿಲ್ಲ ಅಂತ.’

ಮದೀನಾಬಿ ಬೇರೆ ಕಡೆ ತಿರುಗಿ, ತುಂಬಿದ ಕೊಡವನ್ನೇ ಮತ್ತೆ ನಳದ ಕೆಳಗೆ ಹಿಡಿದಳು. ಗಂಡ ಹೀಗೆ ಮಾತಾಡಿದ್ದನ್ನು ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಕೇಳಿರಲಿಲ್ಲ.

ಫಿರದೋಸಳಿಗೆ ಸಿಟ್ಟು ಬಂದಿತ್ತು. ಬಾರದೆ ಏನು? ಅವಳದ್ದೂ ಹದಿನೈದು ದಿನದ ಕಷ್ಟ. ‘ಬಾಗಲಾ ತೆಗದಿದ್ದಕ್ಕ ಸಿಟ್ಟಿಲ್ಲ್ರಿ ಅಬ್ಬಾ. ತೆಗೀಬ್ಯಾಡ್ರಿ ಅಂತ ನಾನೂ ಹೇಳಿರಲಿಲ್ಲ. ಆಗ ಹೇಳಿದ್ರ ಇಷ್ಟೊತ್ತಿಗೆ ಎರಡನೇದು ಒಳಗ ಇರ್ತಿತ್ತು. ನಾ ಇಲ್ಲಿ ನಂದೇನೋ ಕೆಟ್ಟೈತಿ ಅಂತ ಅಳಾಕತ್ತಿದ್ದೆ.’

ಅಷ್ಟರಲ್ಲಿ ಫೋನಿನಲ್ಲಿ ಗಾರ್ಗಿಯ ದನಿ ಬಂತು. ಫಿರದೋಸ ಮೂಗು ಒರೆಸಿಕೊಂಡು, ‘ಮೇಡಮ್, ನಾ ಫಿರದೋಸ್ರಿ. ಒಂದ ಕೆಟ್ಟೈತಿ, ಇನ್ನೊಂದ ಹಚ್ಚಾಕತ್ತೇನಿ. ಅರ್ಧಾ ತಾಸ ತಡಾ ಮಾಡಿ ಬರ್ರಿ’ ಎಂದಳು. ಫೋನ್ ಇಟ್ಟು ಮಾವನ ಕಡೆ ನೋಡಿದಳು. ‘ಬರ್ರಿ ಒಳಗ. ಮೊಟ್ಟಿ ನೀವ ಒಡೀರಿ.’

ಎರಡನೆಯದು ಹನ್ನೆರಡೂ ಹತ್ತಕ್ಕೆ ಒಳಗೆ ಹೋಯಿತು. ಮೋಟಾರ್ ಇನ್ನೂ ಓಡುತ್ತಲೇ ಇತ್ತು. ಫಿರದೋಸ ಓವನ್ನಿನ ಎದುರು ಸ್ಟೂಲ್ ಎಳೆದು ಮಾವನನ್ನು ಕೂರಿಸಿದಳು. ಉಬ್ಬಿದ್ದನ್ನು ಒಳಗಿನ ಬಿಸಿ ಗಾಳಿಯೇ ಹಿಡಿದು ನಿಲ್ಲಿಸುವುದು, ಬಾಗಿಲು ತೆಗೆದರೆ ಅದು ಹೊರಗೆ ಹೋಗಿಬಿಡುತ್ತದೆ ಎಂದು ಬಿಡಿಸಿ ಹೇಳಿದಳು. ಸಾಬರು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಹಾಗೆ ತಲೆಯಾಡಿಸಿದರು. ಎಡಗಡೆ ಕಾವು ಜಾಸ್ತಿ ಎಂದು ಅವರು ಹೇಳಿದ್ದಕ್ಕೆ ಅವಳು, ‘ಹೌದೇನ್ರಿ? ನನಗ ಗೊತ್ತ ಆಗಿರಲಿಲ್ಲ. ಮುಂದಿನ ಸಲ ಬಲಕ್ಕ ಸರಿಸಿ ಇಡೂಣು’ ಎಂದಳು. ಮುಂದಿನ ಸಲ ಎಂಬುದನ್ನು ಸಾಬರು ಚೆನ್ನಾಗಿಯೇ ಕೇಳಿಸಿಕೊಂಡರು.

ಎಂಟನೆಯ ನಿಮಿಷಕ್ಕೆ ಕೈ ತಾನಾಗಿಯೇ ಬಾಗಿಲ ಹಿಡಿಕೆಯ ಕಡೆ ಹೋಯಿತು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕುಳಿತರು. ಮೂವತ್ತೆಂಟು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ. ಗಾಜಿನ ಹಿಂದೆ ಹಿಟ್ಟು ಮೆಲ್ಲಗೆ ಅಂಚು ಹತ್ತತೊಡಗಿತು.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಗಾರ್ಗಿ ಹೇಳಿದ್ದಕ್ಕಿಂತ ಬೇಗ ಬಂದಿದ್ದಳು. ಫಿರದೋಸ ಬಾಗಿಲಿಗೆ ಹೋಗಿ ಆಕೆಯನ್ನು ಕರೆದುಕೊಂಡು ಬಂದಳು. ಗಾರ್ಗಿ ಅಡುಗೆಮನೆಯೊಳಗೆ ಇಣುಕಿ, ಸ್ಟೂಲಿನ ಮೇಲೆ ಕೈ ಹುದುಗಿಸಿಕೊಂಡು ಕುಳಿತ ಮುದುಕರನ್ನು ನೋಡಿ, ‘ಇವ್ರು ಯಾರ್ರಿ?’ ಎಂದಳು.

‘ನಮ್ಮ ಮಾವಾರ್ರಿ. ನಮ್ಮಲ್ಲಿ ಭಟ್ಟಿ ಇವ್ರ ನೋಡ್ತಾರ’ ಎಂದಳು ಫಿರದೋಸ.

ಸಾಬರಿಗೆ ಎದ್ದು ನಿಂತು ಸಲಾಂ ಮಾಡಬೇಕೆನಿಸಿತು. ಕಣ್ಣು ತುಂಬಿ ಗಾಜು ಮಂಜಾಗಿ ಕಾಣುತ್ತಿತ್ತು. ಆದರೆ ಇನ್ನೂ ನಾಲ್ಕು ನಿಮಿಷ ಬಾಕಿ ಇತ್ತು, ಅವರು ಏಳಲಿಲ್ಲ.