ನಿರಡಿ ಎಂಬ ಹೆಸರು

"ಆಕೀ ಹತ್ರ ಹೋಗಬ್ಯಾಡ್ರಿ ಬಾಯಿ, ಕಡೀತಾಳ" ಎಂದು ಮರಾಠಿಯಲ್ಲಿ ಹೇಳುತ್ತ ಆಯಾ ನನಗೆ ಅಡ್ಡ ನಿಂತಳು.

ನಾಗಪುರ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ಕಾಲ. ಸುಡುವ ಮೇ ತಿಂಗಳು. ರೈಲ್ವೆ ಕ್ವಾರ್ಟರ್ಸಿನ ನಾವು ಕೆಲವು ಹೆಂಗಸರು ಅಂಗವಿಕಲ ಮಕ್ಕಳ ಸರ್ಕಾರಿ ಆಶ್ರಮಕ್ಕೆ ಬಟ್ಟೆ ಹಂಚಲು ಹೋಗಿದ್ದೆವು. ಮೂಲೆಯಲ್ಲಿ ಏಳೆಂಟು ವರ್ಷದ ಹುಡುಗಿ ಕೂತಿದ್ದಳು. ಕಾಲುಗಳು ಕಡ್ಡಿಯಂತೆ ಸೊರಗಿದ್ದವು. ನಡುವಿಗೆ ಹಳೆಯ ಸೀರೆಯ ತುಂಡು ಸುತ್ತಿ ಕಿಟಕಿಯ ಸರಳಿಗೆ ಬಿಗಿದಿದ್ದರು.

"ಸ್ಟೇಷನ್ನಿನಾಗ ಸಿಕ್ಕಾಕಿ. ಮಾತು ಬರೂದಿಲ್ಲ. ದಿನಾ ನಿರಡಿ, ನಿರಡಿ ಅಂತ ಒದರತಾಳ. ನಾವೂ ನಿರಡಿ ಅಂತನ ಕರೀತೀವಿ" ಎಂದು ಆಯಾ ನಕ್ಕಳು.

ಹುಡುಗಿ ನನ್ನತ್ತ ತಿರುಗಿ, ಒಡೆದ ತುಟಿ ಅಲುಗಿಸಿ ತೊದಲಿದಳು.

"ಅವ್ವಾ... ನೀರಡಿಕಿ."

ಹುಬ್ಬಳ್ಳಿಯವಳಾದ ನನಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಕನ್ನಡ, ಮಗುವಿಗೆ ಬಾಯಾರಿದೆ, ನೀರು ಕೊಡು ಎಂದು ಆಯಾಳಿಗೆ ಹೇಳಿದೆ. ಅವಳು ಕದಲಲಿಲ್ಲ.

"ನೀರು ಕೊಟ್ಟರ ಹಾಸಿಗಿ ಒದ್ದಿ ಮಾಡತಾಳ. ಒಗಿಯೋರು ಯಾರು?"

ಅವಳನ್ನು ಪಕ್ಕಕ್ಕೆ ತಳ್ಳಿ, ವರಾಂಡದ ಮಡಕೆಯಿಂದ ನಾನೇ ಲೋಟ ತುಂಬಿ ತಂದೆ. ಹುಡುಗಿ ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡು, ಎಲ್ಲಿ ಕಸಿದುಕೊಳ್ಳುತ್ತಾಳೋ ಎಂದು ಆಯಾಳ ಮೇಲೆಯೇ ಕಣ್ಣಿಟ್ಟು ಕುಡಿದಳು.

"ನಿನ್ನ ಹೆಸರೇನವಾ?" ಎಂದು ಕೇಳಿದೆ.

ಆಯಾಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನಿರಡಿ" ಎಂದಳು.

ಈಗ ಮೊಮ್ಮಕ್ಕಳು ಆಟದಿಂದ ಓಡಿಬಂದು "ಅಜ್ಜಿ, ನೀರಡಿಕಿ ಆಗೇತಿ" ಎನ್ನುತ್ತಾರೆ. ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತೇನೆ. ನನಗದು ಇಂದಿಗೂ ಒಂದು ಮಗುವಿನ ಹೆಸರಾಗಿಯೇ ಕೇಳಿಸುತ್ತದೆ.