ಆಯುಧಪೂಜೆಯ ಪೊರಕೆ

ಕಪ್ಪು ಪ್ಯಾಂಟು ತೊಟ್ಟು ನೀವು ಎಂದಾದರೂ ಬೂದುಗುಂಬಳಕಾಯಿ ಹೊತ್ತಿದ್ದೀರಾ? ಇಲ್ಲವಾದರೆ ಹೊರಬೇಡಿ. ಈವತ್ತು ಬೆಳಿಗ್ಗೆ ಒಂದನ್ನು ತಬ್ಬಿಕೊಂಡು ಮನೆಗೆ ಬಂದೆ. ಕಾಯಿಯ ಮೈಮೇಲಿದ್ದ ಬೂದಿಯೆಲ್ಲ ನನ್ನ ಪ್ಯಾಂಟಿಗೆ ವರ್ಗವಾಯಿತು.

"ದೇವರಿಲ್ಲ ದಿಂಡರಿಲ್ಲ ಅಂತಿದ್ರಿ, ಈಗ ತೊಡೆಗೆಲ್ಲ ವಿಭೂತಿನಾ?" ಎಂದಳು ಹೆಂಡತಿ.

ಮಗಳಿಗೆ ಹೋದ ತಿಂಗಳು ಸ್ಕೂಟರಿನ ಲೈಸೆನ್ಸ್ ಬಂದಿದೆ. ಅದೇ ಉತ್ತರ, ಆದರೆ ಹೇಳಲಿಲ್ಲ. ಮೂವತ್ತು ವರ್ಷ ಸಾಕಿಕೊಂಡು ಬಂದ ವೈಚಾರಿಕತೆ ನೋಡಿ, ಮರ್ಯಾದೆಯ ಪ್ರಶ್ನೆ.

ಬೇರೆ ಊರುಗಳಲ್ಲಿ ಶರತ್ಕಾಲ ಬಂದರೆ ಏನಾಗುತ್ತದೋ ನಾನರಿಯೆ. ಚಾಮರಾಜಪೇಟೆಯಲ್ಲಿ ರಸ್ತೆ ಜಾರುತ್ತದೆ. ಆಯುಧಪೂಜೆಯ ದಿನ ಮನೆಮನೆಯವರೂ ಗಾಡಿಗೆ ಬೂದುಗುಂಬಳ ನಿವಾಳಿಸಿ ನಡುರಸ್ತೆಯಲ್ಲಿ ಒಡೆಯುತ್ತಾರೆ. ತಮ್ಮ ಮನೆಯವರು ಎಲ್ಲೂ ಬೀಳದಿರಲಿ ಎಂದು ಇವರು ಒಡೆದ ಕಾಯಿಯ ಮೇಲೆ ಪಕ್ಕದ ಮನೆಯವರು ಬೀಳುತ್ತಾರೆ. ಅದನ್ನು ಬಳಿದು ಹಾಕೋಣವೆಂದರೆ, ಮುಟ್ಟಿದವರಿಗೆ ಆ ಕೆಟ್ಟ ದೃಷ್ಟಿ ಅಂಟುತ್ತದಂತೆ. ಹೀಗಾಗಿ ಬೀದಿಯ ದೃಷ್ಟಿಯೆಲ್ಲ ಎರಡು ದಿನ ಅಲ್ಲೇ ಕೊಳೆಯುತ್ತ ಬಿದ್ದಿರುತ್ತದೆ.

ನಮ್ಮಪ್ಪನಿಗೆ ಕಾಟನ್‌ಪೇಟೆಯಲ್ಲಿ ಅಂಗಡಿ, ಓಡಾಟಕ್ಕೆ ಹಳೆಯ ಸ್ಕೂಟರು. ಕಾಯಿ ದೊಡ್ಡದಾದಷ್ಟೂ ರಕ್ಷಣೆ ಜಾಸ್ತಿ ಎಂಬುದು ಅವರ ಲೆಕ್ಕ. ನಾನು ಹೈಸ್ಕೂಲಿನಲ್ಲಿದ್ದ ವರ್ಷ ಕೈಗೂಸಿನಷ್ಟು ದಪ್ಪದ ಕಾಯಿ ತಂದು, ಕರ್ಪೂರ ಹಚ್ಚಿ, ಮೂರು ಸುತ್ತು ನಿವಾಳಿಸಿ, ಮನೆ ಮುಂದೆಯೇ ಅಪ್ಪಳಿಸಿದರು. ಆಮೇಲೆ ಗಾಡಿ ಹತ್ತಿ, ಚಕ್ರದಡಿಯ ನಿಂಬೆಹಣ್ಣು ಸರಿಯಾಗಿ ಅಪ್ಪಚ್ಚಿಯಾಯಿತೇ ಎಂದು ಬಗ್ಗಿ ನೋಡುತ್ತ ಹೊರಟರು. ಮುಂದಿದ್ದ ಕುಂಬಳಕಾಯಿಯನ್ನು ನೋಡಲಿಲ್ಲ. ಸ್ವಂತ ಕಾಯಿಯ ಮೇಲೆಯೇ ಜಾರಿ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಪ್ಪ ಒಂದೂವರೆ ತಿಂಗಳು ಮುಟ್ಟಿ ನೋಡಿಕೊಂಡರು.

"ಏನೋ ದೊಡ್ಡದು ಕಾದಿತ್ತು ಅಕ್ಕ, ಇಷ್ಟರಲ್ಲೇ ಹೋಯ್ತು" ಎಂದರು, ನಮ್ಮ ಜೊತೆಗೇ ಇದ್ದ ಸೋದರತ್ತೆಗೆ.

"ಕಾದಿದ್ದು ಕುಂಬಳಕಾಯಿ ಕಣೋ. ಅದನ್ನ ಅಲ್ಲಿಟ್ಟೋನೂ ನೀನೇ" ಎಂದಳು ಅತ್ತೆ.

ಅತ್ತೆಗೆ ಮಕ್ಕಳಿರಲಿಲ್ಲ, ಬಾಯಿ ಇತ್ತು. ಕುಂಬಳಕಾಯಿ ಇರುವುದು ಮಜ್ಜಿಗೆಹುಳಿಗೆ ಎಂಬುದು ಅವಳ ಸಿದ್ಧಾಂತ. ನಾನು ಕಾಲೇಜಿಗೆ ಸೇರಿದ ವರ್ಷದಿಂದ ಆಯುಧಪೂಜೆಯ ಸಂಜೆ ಕಡ್ಡಿಪೊರಕೆ ಹಿಡಿದು ಬೀದಿಯ ತಿರುವಿನಲ್ಲಿ ನಿಂತು, ಕಂಡವರ ಮನೆಯ ಕಾಯಿಯನ್ನೆಲ್ಲ ಮೋರಿಯ ಕಡೆ ಗುಡಿಸತೊಡಗಿದಳು. ಅಪ್ಪ ಬಾಗಿಲಲ್ಲೇ ನಿಂತು ಗೋಗರೆದರು.

"ಅಕ್ಕ, ಊರೋರ ದೃಷ್ಟಿಯೆಲ್ಲ ನಿನಗೆ ಬಂದ್ಬಿಡತ್ತೆ."

"ಬರ್ಲಿ ಬಿಡು. ಇದ್ದಬದ್ದ ದೃಷ್ಟಿ ಎಲ್ಲಾ ಬಂದ್ರೂ ನನ್ ಮುಖ ಇನ್ನೇನು ಕೆಡತ್ತೆ."

ಅದೇ ವರ್ಷ ನನಗೊಂದು ಮೊಪೆಡ್ ಬಂತು. ಹಬ್ಬದ ದಿನವೂ ಗೆಳೆಯರ ಜೊತೆ ಗಾಂಧಿನಗರದಲ್ಲಿ ಸಿನಿಮಾ ನೋಡಿ ಸಂಜೆಗೆ ಮರಳುತ್ತಿದ್ದೆ. ಹಿಂದೆ ಕೂತ ಗೆಳೆಯ, "ಮಗಾ, ನಿಮ್ಮತ್ತೆ ಕಾರ್ಪೊರೇಷನ್ ಸೇರ್ಕೊಂಡ್ರಾ?" ಎನ್ನುತ್ತಿದ್ದ. ಗುರುತೇ ಇಲ್ಲದವನ ಹಾಗೆ ನಾನು ಅವಳ ಪಕ್ಕದಲ್ಲೇ ಸರ್ರನೆ ಹೋಗಿಬಿಡುತ್ತಿದ್ದೆ. ಅವಳೂ ಕರೆಯುತ್ತಿರಲಿಲ್ಲ. ನಾನು ಮೊಪೆಡ್ ನಿಲ್ಲಿಸುವಷ್ಟರಲ್ಲಿ ಪೊರಕೆ ಹೆಗಲಿಗೇರಿಸಿ ಒಳಗೆ ಬಂದಿರುತ್ತಿದ್ದಳು. ಅರ್ಧ ತಿರುವು ಹಾಗೇ ಉಳಿದಿರುತ್ತಿತ್ತು. ಸಮಾಜಸೇವೆಯಲ್ಲೂ ಸೋಮಾರಿತನ ಎಂದು ಮನಸ್ಸಿನಲ್ಲೇ ನಗುತ್ತಿದ್ದೆ. ಅತ್ತೆ ಹೋಗಿ ಹನ್ನೆರಡು ವರ್ಷವಾಯಿತು.

ಈವತ್ತು ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದಾಗ, ಮಗಳ ಸ್ಕೂಟರಿಗೆ ಕಳ್ಳನಂತೆ ನಿವಾಳಿಸಿ, ಕಾಯಿಯನ್ನು ಹಿತ್ತಲಲ್ಲಿ ಬಕೆಟ್ಟಿನೊಳಗೆ ಒಡೆದೆ. ವಿಚಾರವೂ ಉಳಿಯಿತು, ಆಚಾರವೂ ಉಳಿಯಿತು, ಬಕೆಟ್ ಮಾತ್ರ ಸೀಳಿತು. ಮಧ್ಯಾಹ್ನ ಮಗಳು ಮಲ್ಲೇಶ್ವರದ ಗೆಳತಿಯ ಮನೆಗೆ ಗೊಂಬೆ ನೋಡಲು ಹೊರಟಳು. ಸಂಜೆ ಐದಕ್ಕೆ "ಹೊರಟೆ" ಎಂದು ಮೆಸೇಜು ಬಂತು. ನಮ್ಮ ತಿರುವು ನೆನಪಾಯಿತು. ಪೊರಕೆ ಹಿಡಿದು ಓಡಿದೆ.

ಎದುರುಮನೆಯವರು ಹೊಸ ಕಾರಿಗೆಂದು ಆ ತಿರುವಿನಲ್ಲೇ ದೊಡ್ಡ ಕಾಯಿ ಒಡೆದಿದ್ದರು. ಗೇಟಿನಲ್ಲಿ ನಿಂತು, "ಮುಟ್ಬೇಡಿ ಸಾರ್, ದೃಷ್ಟಿ ತಗುಲುತ್ತೆ" ಎಂದರು. ನಾನು ಗುಡಿಸಿದೆ. ಕಾಯಿಗಿಂತ ಹೆಚ್ಚಾಗಿ ರಸ್ತೆಯ ಆ ತುದಿಯನ್ನೇ ನೋಡುತ್ತಿದ್ದೆ. ಸ್ಕೂಟರಿನ ಸದ್ದಾದಾಗಲೆಲ್ಲ ಕತ್ತು ಚಾಚುತ್ತಿದ್ದೆ.

ಕೊನೆಗೆ ಬಂದಳು. ತಿರುವಿನಲ್ಲಿ ವೇಗ ತಗ್ಗಿಸಲೂ ಇಲ್ಲ.

"ಅಪ್ಪಾ, ರೋಡ್ ಮಧ್ಯ ಏನ್ ಮಾಡ್ತಿದೀಯಾ? ಯಾರಾದ್ರೂ ಗುದ್ದಿದ್ರೆ?" ಎಂದು ಬೈಯುತ್ತಲೇ ದಾಟಿ ಹೋದಳು.

ನನ್ನ ಕೈ ತಾನಾಗಿಯೇ ನಿಂತಿತು. ಅರ್ಧ ತಿರುವು ಹಾಗೇ ಉಳಿದಿತ್ತು. ಅತ್ತೆ ಯಾರಿಗಾಗಿ ಗುಡಿಸುತ್ತಿದ್ದಳೆಂದು ನನಗೆ ಈವತ್ತು, ಐವತ್ತು ದಾಟಿದ ಮೇಲೆ, ತಿಳಿಯಿತು. ಒಂದು ಸಲವಾದರೂ ಗಾಡಿ ನಿಲ್ಲಿಸಬೇಕಿತ್ತು.

ಪೊರಕೆ ಹೆಗಲಿಗೇರಿಸಿ ಹೊರಟೆ. ಎದುರುಮನೆಯವರು ಗೇಟು ದಾಟಿ ಬಂದು ಕೈ ಚಾಚಿದರು.

"ಪೊರಕೆ ಕೊಡಿ ಸಾರ್. ನಮ್ಮನೆಯವಳು ಬಸವನಗುಡಿಗೆ ಹೋಗಿದಾಳೆ, ಸ್ಕೂಟರಲ್ಲಿ. ಇನ್ನೂ ಬಂದಿಲ್ಲ."